ತವರು ಬಿಟ್ಟು ಆಡುವವರು

2024ರ ಜೂನ್ 9ರ ಭಾನುವಾರ ಶಾಂಘೈ ನಗರದಲ್ಲಿ ನಡೆದ ವ್ಯಾಲೊರಂಟ್ ಎಂಬ ಐವರ ಶೂಟಿಂಗ್ ವಿಡಿಯೊ ಗೇಮಿನ ಮಾಸ್ಟರ್ಸ್ ಟೂರ್ನಿಯ ಫೈನಲ್ ಪಂದ್ಯವನ್ನು ನನ್ನ ಅಕ್ಕನ ಮಗ ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಲ್ಲಿ ಕುಳಿತು, ಊಟಕ್ಕೆ ಎರಡು ಸಲ ಕರೆದರೂ ಏಳದೆ, ಕೊನೆಯ ಸುತ್ತಿನವರೆಗೂ ನೋಡಿದ. ದಕ್ಷಿಣ ಕೊರಿಯಾದ ಜೆನ್.ಜಿ ತಂಡವು ಯುರೋಪಿನ ಟೀಮ್ ಹೆರೆಟಿಕ್ಸ್ ತಂಡವನ್ನು 3–2 ಅಂತರದಿಂದ ಸೋಲಿಸಿತು. ಕೊರಿಯಾ, ಭಾರತ ಮೊದಲಾದ ದೇಶಗಳ ತಂಡಗಳು ಆಡುವ ಪೆಸಿಫಿಕ್ ಲೀಗಿನ ತಂಡವೊಂದಕ್ಕೆ ದೊರೆತ ಮೊದಲ ಅಂತರರಾಷ್ಟ್ರೀಯ ಪ್ರಶಸ್ತಿ ಅದು. ಗೆದ್ದ ಐವರಲ್ಲಿ ಟೆಕ್ಸ್ಚರ್ ಎಂಬ ಅಡ್ಡಹೆಸರಿನ ಕೊರಿಯನ್ ಹುಡುಗನೊಬ್ಬನಿದ್ದ. ಹಿಂದಿನ ವರ್ಷ, ಅಂದರೆ 2023ರಲ್ಲಿ, ಅವನು ಮುಂಬೈ ಮೂಲದ ಗ್ಲೋಬಲ್ ಇ-ಸ್ಪೋರ್ಟ್ಸ್ ತಂಡದ ಆಟಗಾರನಾಗಿದ್ದ.

"ಮಾಮ, ಇವನು ನಮ್ಮ ಟೀಮಿನಲ್ಲೇ ಇದ್ದನಲ್ಲ. ನಮ್ಮ ಹತ್ತಿರ ಇದ್ದಾಗ ಏನೂ ಗೆಲ್ಲಲಿಲ್ಲ, ಆ ಕಡೆ ಹೋದ ಕೂಡಲೇ ಗೆದ್ದುಬಿಟ್ಟನಲ್ಲ!" ಎಂದು ಹುಡುಗ ಕೇಳಿದ. ಅವನ ದನಿಯಲ್ಲಿ ಆಶ್ಚರ್ಯಕ್ಕಿಂತ ಹೆಚ್ಚಾಗಿ ಮೋಸಹೋದವನ ಸಂಕಟವಿತ್ತು. "ಅದು ಅವನ ಊರು, ಅವನ ಭಾಷೆ, ಅದಕ್ಕೇ ಗೆದ್ದ" ಎಂದು ನಾನು ಆಗ ಹೇಳಿ ಮುಗಿಸಿದೆ. ಮಲಗಿದ ಮೇಲೆ ಆ ಉತ್ತರ ಅರ್ಧಂಬರ್ಧ ಎನ್ನಿಸಿತು. ತವರು ಬಿಟ್ಟು ಹೋಗಿಯೂ ಗೆದ್ದವರು ಎಷ್ಟೋ ಜನರಿದ್ದಾರೆ, ತವರಿನಲ್ಲಿ ಗೆದ್ದು ಹೊರಗೆ ಹೋಗಿ ಮುಗ್ಗರಿಸಿದವರೂ ಇದ್ದಾರೆ. ಹದಿನೈದು ವರ್ಷಗಳಿಂದ ಈ ಆಟಗಳನ್ನು ನೋಡುತ್ತ ಬಂದಿರುವ ನನಗೆ ಅವರಿಬ್ಬರ ನಡುವಿನ ವ್ಯತ್ಯಾಸ ಕೈಚಳಕದಲ್ಲಿಲ್ಲ, ನಾಲಿಗೆಯಲ್ಲಿದೆ ಎಂದು ತೋರುತ್ತದೆ. ಈ ಬರಹ ಅದರ ಬಗ್ಗೆ.

ನನಗೆ ಇದು ಮೊದಲು ತಿಳಿದದ್ದು ಕೊರಿಯನ್ನರನ್ನು ನೋಡಿ ಅಲ್ಲ. 2010ರ ಸುಮಾರಿಗೆ ನಾನು ದಾವಣಗೆರೆಯಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾಗ ನಮ್ಮದೊಂದು ಐವರ ಕೌಂಟರ್-ಸ್ಟ್ರೈಕ್ ತಂಡವಿತ್ತು. ಗಂಟೆಗೆ ಹದಿನೈದು ರೂಪಾಯಿಯ ಸೈಬರ್ ಸೆಂಟರೇ ನಮ್ಮ ಗರಡಿಮನೆ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿಯಿಡುತ್ತಿದ್ದವನು ರಾಯದುರ್ಗದಿಂದ ಬಂದು ಹಾಸ್ಟೆಲ್ಲಿನಲ್ಲಿದ್ದ ಒಬ್ಬ ತೆಲುಗು ಹುಡುಗ. ಒಂದೇ ವರ್ಷದಲ್ಲಿ ಕ್ಯಾಂಟೀನಿಗೆ ಸಾಕಾಗುವಷ್ಟು ಕನ್ನಡ ಕಲಿತಿದ್ದ, ಜಗಳಕ್ಕೂ ಸಾಕಾಗುವಷ್ಟು ಕಲಿತಿದ್ದ. ಕಾಲೇಜು ಹಬ್ಬದ ಪಂದ್ಯದಲ್ಲಿ ಚಿತ್ರದುರ್ಗದ ತಂಡದ ಎದುರು ನಾವು ಕೊನೆಯ ಸುತ್ತು ಆಡುತ್ತಿದ್ದೆವು. ಡಸ್ಟ್ 2 ಎಂಬ ನಕ್ಷೆಯ ಉದ್ದನೆಯ ಓಣಿಯಲ್ಲಿ ನಾವು ಮೂವರು ಒಬ್ಬರ ಹಿಂದೊಬ್ಬರು ನುಗ್ಗುತ್ತಿದ್ದಾಗ, ಹಿಂದಿನಿಂದ ದೂರದರ್ಶಕದ ಬಂದೂಕು ಹಿಡಿದು ನೋಡುತ್ತಿದ್ದ ಅವನು ಇದ್ದಕ್ಕಿದ್ದಂತೆ "ಕುಡಿ! ಕುಡಿ!" ಎಂದು ಕಿರುಚಿದ. ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ನಮ್ಮ ಕಿವಿಗೆ ಅದು ನೀರು ಕುಡಿಯಲು ಹೇಳಿದಂತೆ ಕೇಳಿತು. ಒಬ್ಬನಿಗೆ ನಗು ಬಂತು, ಇನ್ನೊಬ್ಬ "ಏನು?" ಎಂದು ತಿರುಗಿ ಕೇಳಿದ. ಅಷ್ಟರಲ್ಲಿ ಬಲಗಡೆಯ ಪೆಟ್ಟಿಗೆಯ ಹಿಂದಿದ್ದ ದುರ್ಗದ ಹುಡುಗ ನಮ್ಮ ಮೂವರನ್ನೂ ಮಲಗಿಸಿದ್ದ. ಸೋತವರು ಗೆದ್ದವರಿಗೆ ರಾಮ್ ಅಂಡ್ ಕೋ ಸರ್ಕಲ್ ಬಳಿ ಮಂಡಕ್ಕಿ, ಮೆಣಸಿನಕಾಯಿ ಕೊಡಿಸಬೇಕು ಎಂಬ ಒಪ್ಪಂದವಿದ್ದುದರಿಂದ ಆ "ಕುಡಿ" ನಮಗೆ ದುಬಾರಿಯಾಯಿತು.

ಅವನ ತಪ್ಪೇನೂ ಇರಲಿಲ್ಲ. ಅವನಿಗೆ "ಬಲ" ಎಂಬ ಕನ್ನಡ ಪದ ಗೊತ್ತಿರಲಿಲ್ಲವೆಂದಲ್ಲ. ಅದನ್ನು ನೆನಪಿಸಿಕೊಳ್ಳಲು ಅರ್ಧ ಸೆಕೆಂಡು ಬೇಕಾಗಿತ್ತು, ಆಟದಲ್ಲಿ ಆ ಅರ್ಧ ಸೆಕೆಂಡು ಇರಲಿಲ್ಲ. ಗಾಬರಿಯಾದಾಗ ಬಾಯಿಗೆ ಬರುವುದು ತಾಯಿಯ ಮಾತೇ. ಐವರು ಒಟ್ಟಿಗೆ ಆಡುವ ಆಟಗಳಲ್ಲಿ ಹೊರಗಿನಿಂದ ಬಂದ ಆಟಗಾರನ ಕಷ್ಟವೆಲ್ಲ ಈ ಅರ್ಧ ಸೆಕೆಂಡಿನಲ್ಲಿ ಅಡಗಿದೆ.

ಒಬ್ಬೊಬ್ಬರೇ ಆಡುವ ಆಟದಲ್ಲಿ ಈ ತೊಡಕಿಲ್ಲ. ನಮ್ಮ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಬೆಳಗಾವಿ, ಕೊಲ್ಹಾಪುರದ ಕಡೆಯಿಂದ ಪೈಲ್ವಾನರು ಬರುತ್ತಾರೆ. ಅಖಾಡಕ್ಕೆ ಇಳಿದವನಿಗೆ ಕನ್ನಡ ಬಂದರೆಷ್ಟು, ಬಿಟ್ಟರೆಷ್ಟು? ಇಬ್ಬರು ಎದುರುಬದುರು ಕುಳಿತು ಆಡುವ ಸ್ಟಾರ್‌ಕ್ರಾಫ್ಟ್ ಎಂಬ ಯುದ್ಧತಂತ್ರದ ಗೇಮ್ ಅಂಥದೇ ಕುಸ್ತಿ. ಕೆನಡಾದ ಕ್ವಿಬೆಕ್‌ನಿಂದ ಕೊರಿಯಾಕ್ಕೆ ಹೋದ ಗಿಯೋಮ್ ಪಾತ್ರಿ ಎಂಬ ಹುಡುಗ ಅಲ್ಲಿನ ಸ್ಟಾರ್‌ಲೀಗನ್ನು 1999–2000ರ ಋತುವಿನಲ್ಲಿ ಗೆದ್ದ. ಅದನ್ನು ಗೆದ್ದ ಏಕೈಕ ವಿದೇಶೀಯ ಅವನೇ. ಮುಂದೆ ಅಲ್ಲೇ ನೆಲೆಸಿ ಕೊರಿಯನ್ ಟಿ.ವಿ.ಯಲ್ಲಿ ಹೆಸರು ಮಾಡಿದ. ತಿರುಗುಮುರುಗಾಗಿ, 2013ರಲ್ಲಿ ಸ್ಟಾರ್‌ಕ್ರಾಫ್ಟ್ 2ರ ಅಮೆರಿಕ ಮತ್ತು ಯುರೋಪ್ ವಿಭಾಗಗಳಿಗೆ ಕೊರಿಯನ್ನರು ಹಿಂಡುಹಿಂಡಾಗಿ ನುಗ್ಗಿ ಬಹುಮಾನ ಬಾಚಿದ ಮೇಲೆ, 2015ರ ಹೊತ್ತಿಗೆ ಆ ಪ್ರದೇಶದಲ್ಲಿ ಕಾನೂನುಬದ್ಧವಾಗಿ ವಾಸವಿರುವವರು ಮಾತ್ರ ಆಡಬೇಕೆಂಬ ನಿಯಮ ಬಂತು. ಕುಸ್ತಿಯಲ್ಲಿ ಹೊರಗಿನವನನ್ನು ತಡೆಯಲು ನಿಯಮವೇ ಬೇಕು, ಭಾಷೆ ತಡೆಯುವುದಿಲ್ಲ. ಕಬಡ್ಡಿಯ ಮಾತು ಬೇರೆ. ಅಲ್ಲಿ ಎಡಮೂಲೆಯವನು ಸರಪಳಿ ಹಿಡಿದವನಿಗೆ ಕೂಗಿ ಹೇಳಬೇಕು. ಲೀಗ್ ಆಫ್ ಲೆಜೆಂಡ್ಸ್, ಕೌಂಟರ್-ಸ್ಟ್ರೈಕ್, ವ್ಯಾಲೊರಂಟ್ ಎಲ್ಲವೂ ಕಬಡ್ಡಿಯ ಜಾತಿಯವು.

ಈ ಕಬಡ್ಡಿ ಜಾತಿಯ ಆಟದಲ್ಲಿ ತವರು ಬಿಡುವ ದೊಡ್ಡ ವಲಸೆ ನಡೆದದ್ದು 2014ರ ಕೊನೆಯಲ್ಲಿ. ಆ ಅಕ್ಟೋಬರ್‌ನಲ್ಲಿ ಸೋಲ್ ನಗರದ ವಿಶ್ವಕಪ್ ಕ್ರೀಡಾಂಗಣದಲ್ಲಿ ಸ್ಯಾಮ್‌ಸಂಗ್ ವೈಟ್ ತಂಡ ಚೀನಾದ ಸ್ಟಾರ್ ಹಾರ್ನ್ ರಾಯಲ್ ಕ್ಲಬ್ ತಂಡವನ್ನು 3–1ರಿಂದ ಸೋಲಿಸಿ ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್ ಆಯಿತು. ಅದೇ ಸಂಸ್ಥೆಗೆ ಸ್ಯಾಮ್‌ಸಂಗ್ ಬ್ಲೂ ಎಂಬ ಇನ್ನೊಂದು ತಂಡವೂ ಇತ್ತು, ಅದೂ ಸೆಮಿಫೈನಲ್ ತಲುಪಿತ್ತು. ಕೆಲವೇ ವಾರಗಳಲ್ಲಿ ಎರಡೂ ತಂಡಗಳ ಹತ್ತೂ ಆಟಗಾರರು ಚೀನಾಕ್ಕೆ ಹೊರಟುಹೋದರು. ಕಾರಣ ಹಣವೊಂದೇ ಅಲ್ಲ, ಹಣವೂ ಹೌದು. ಕೊರಿಯಾದ ಲೀಗು ಒಂದು ಸಂಸ್ಥೆಗೆ ಒಂದೇ ತಂಡ ಎಂಬ ಹೊಸ ಕಟ್ಟಳೆ ಮಾಡಿದ್ದರಿಂದ ಹತ್ತು ಜನರಿದ್ದ ಜಾಗದಲ್ಲಿ ಐವರಿಗಷ್ಟೇ ಎಡೆಯಿತ್ತು, ಅದೇ ಹೊತ್ತಿಗೆ ಚೀನಾದ ಶ್ರೀಮಂತ ತಂಡದ ಯಜಮಾನರು ಕೊರಿಯಾದಲ್ಲಿ ಕನಸಿನಲ್ಲೂ ಕಾಣದ ಸಂಬಳವನ್ನು ಮುಂದಿಟ್ಟಿದ್ದರು. ಹಿಂದೆ ನಮ್ಮೂರಿನ ಹತ್ತಿ ಗಿರಣಿಗಳು ಮುಚ್ಚಿದಾಗ ಕೈಯಲ್ಲಿ ಕಸುಬು ಇದ್ದವರು ಊರೂರು ಅಲೆದಂತೆಯೇ ಇದು. ಊರಿನ ಮೇಲೆ ಸಿಟ್ಟೇನಿಲ್ಲ, ಊರಿನಲ್ಲಿ ಮಗ್ಗವಿಲ್ಲ ಅಷ್ಟೆ.

ವಿಶ್ವದ ಅತ್ಯುತ್ತಮ ಹತ್ತು ಜನ ಒಂದು ದೇಶಕ್ಕೆ ಹೋದರೆ ಆ ದೇಶವೇ ಮುಂದಿನ ವರ್ಷ ಗೆಲ್ಲಬೇಕಲ್ಲವೇ? ಮೊದಲು ಹಾಗೇ ಕಂಡಿತು. 2015ರ ಮೇ ತಿಂಗಳಲ್ಲಿ ಅಮೆರಿಕದ ಟಲ್ಲಹಾಸಿಯಲ್ಲಿ ನಡೆದ ಮಿಡ್ ಸೀಸನ್ ಪಂದ್ಯಾವಳಿಯಲ್ಲಿ ಚೀನಾದ ಎಡ್ವರ್ಡ್ ಗೇಮಿಂಗ್ ತಂಡ, ಡೆಫ್ಟ್ ಮತ್ತು ಪಾನ್ ಎಂಬ ಇಬ್ಬರು ಹಳೆಯ ಸ್ಯಾಮ್‌ಸಂಗ್ ಹುಡುಗರ ಬಲದಿಂದ, ಆ ಆಟದ ಅತಿ ದೊಡ್ಡ ಹೆಸರಾದ ಫೇಕರ್ ಇದ್ದ ಕೊರಿಯಾದ ಎಸ್‌ಕೆಟಿ ತಂಡವನ್ನು 3–2ರಿಂದ ಕೆಡವಿತು. ಆದರೆ ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚೀನಾದ ಎರಡು ತಂಡಗಳು ಗುಂಪು ಹಂತದಲ್ಲೇ ಮನೆಗೆ ಹೋದವು. ಎಡ್ವರ್ಡ್ ಗೇಮಿಂಗ್ ಕ್ವಾರ್ಟರ್ ಫೈನಲ್‌ನಲ್ಲಿ ಯುರೋಪಿನ ಫ್ನಾಟಿಕ್ ಎದುರು ಒಂದು ಆಟವನ್ನೂ ಗೆಲ್ಲದೆ ಸೋತಿತು. ಫೈನಲ್‌ನಲ್ಲಿ ಎದುರಾದ ಎರಡೂ ತಂಡಗಳು ಕೊರಿಯಾದವು. ಹತ್ತು ಜನರನ್ನು ಕಳೆದುಕೊಂಡ ತವರು ಬರಿದಾಗಿರಲಿಲ್ಲ. ಕೊಂಡುಕೊಂಡವರ ಮನೆ ತುಂಬಿಯೂ ಇರಲಿಲ್ಲ.

ಆ ವರ್ಷ ಚೀನಾದ ಎಷ್ಟೋ ತಂಡಗಳಲ್ಲಿ ಕೊರಿಯನ್ ಆಟಗಾರನಿಗೂ ಉಳಿದವರಿಗೂ ನಡುವೆ ದುಭಾಷಿ ಇರುತ್ತಿದ್ದ. ಅಭ್ಯಾಸದ ಕೋಣೆಯಲ್ಲಿ ದುಭಾಷಿ ಉಪಯೋಗಕ್ಕೆ ಬರುತ್ತಾನೆ, ಊಟದ ಮೇಜಿನಲ್ಲಿ ಬರುತ್ತಾನೆ, ಪಂದ್ಯ ನಡೆಯುವ ಗಾಜಿನ ಕೋಣೆಯೊಳಗೆ ಬರಲಾರ. ಅಲ್ಲಿ ಒಡೆದ ಇಂಗ್ಲಿಷ್, ಒಡೆದ ಚೀನೀ ಮಾತು, ನಕ್ಷೆಯ ಮೇಲಿನ ಸಂಕೇತಗಳೇ ಗತಿ. ಸಂಕೇತದಿಂದ "ಇಲ್ಲಿ ಬಾ" ಎನ್ನಬಹುದು. "ಇಲ್ಲಿ ಬರಬೇಕೋ ಬೇಡವೋ ನನಗೂ ಅನುಮಾನ, ನೀನೇನು ಹೇಳುತ್ತೀ" ಎನ್ನುವುದು ಆಗದು. ಬಲಿಷ್ಠ ತಂಡಗಳು ಗೆಲ್ಲುವುದು ಈ ಎರಡನೆಯ ಬಗೆಯ ಮಾತಿನಿಂದ.

ರೂಕಿ ಎಂಬ ಕೊರಿಯನ್ ಹುಡುಗನ ಕಥೆ ಇದೇ ಹೊತ್ತಿನಲ್ಲಿ ಶುರುವಾಗುತ್ತದೆ. ಅವನು ಕಾಕಾವೋ ಎಂಬ ಜೊತೆಗಾರನೊಂದಿಗೆ ಚೀನಾದ ಇನ್ವಿಕ್ಟಸ್ ಗೇಮಿಂಗ್ ತಂಡಕ್ಕೆ ಸೇರಿದ. ಜೊತೆಗಾರ ಹೆಚ್ಚು ಕಾಲ ನಿಲ್ಲಲಿಲ್ಲ, ಇವನು ನಿಂತ. ಚೀನೀ ಭಾಷೆ ಕಲಿತು ಸಂದರ್ಶನಗಳನ್ನು ಅದರಲ್ಲೇ ಕೊಡುವಂತಾದ. 2018ರ ನವೆಂಬರ್‌ನಲ್ಲಿ ಕೊರಿಯಾದ ಇಂಚಾನ್ ನಗರದಲ್ಲಿ, ಕೊರಿಯಾದ ಯಾವ ತಂಡವೂ ಸೆಮಿಫೈನಲ್ ಮುಟ್ಟದ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ, ಇನ್ವಿಕ್ಟಸ್ ಗೇಮಿಂಗ್ ಫ್ನಾಟಿಕ್ ತಂಡವನ್ನು 3–0ರಿಂದ ಸೋಲಿಸಿ ಚೀನಾದ ಲೀಗಿಗೆ ಮೊದಲ ವಿಶ್ವ ಪ್ರಶಸ್ತಿ ತಂದಿತು. ರೂಕಿ ಮತ್ತು ದಿ ಶೈ, ಇಬ್ಬರೂ ಕೊರಿಯನ್ನರು, ತಮ್ಮದೇ ನೆಲದಲ್ಲಿ ಪರದೇಶದ ಅಂಗಿ ತೊಟ್ಟು ಕಪ್ ಎತ್ತಿದರು. ಆ ಫೈನಲ್‌ನ ಶ್ರೇಷ್ಠ ಆಟಗಾರನೆಂದು ಆಯ್ಕೆಯಾದವನು ಮಾತ್ರ ಚೀನಾದವನೇ ಆದ ನಿಂಗ್. ಇದನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಹೊರಗಿನವರು ಬಂದು ಗೆಲ್ಲಿಸಿದರು ಎಂಬ ಮಾತಿಗೆ ಆ ಒಂದು ಹೆಸರೇ ಉತ್ತರ. ನಾಲ್ಕು ವರ್ಷ ಅಲ್ಲೇ ಬದುಕಿದವನ ಜೊತೆ ಆಡಿದ ಮನೆಯ ಹುಡುಗರೂ ಬೆಳೆದಿದ್ದರು.

ಮರುವರ್ಷ ಪ್ಯಾರಿಸ್‌ನಲ್ಲಿ ಗೆದ್ದ ಫನ್‌ಪ್ಲಸ್ ಫೀನಿಕ್ಸ್ ತಂಡದ ಡೊಯಿನ್‌ಬಿ ನನ್ನ ಮಟ್ಟಿಗೆ ಈ ವಿಷಯದ ಅತಿ ದೊಡ್ಡ ಉದಾಹರಣೆ. ಸ್ಯಾಮ್‌ಸಂಗ್ ಹುಡುಗರಂತೆ ಅವನು ತವರಿನಲ್ಲಿ ಕಿರೀಟ ತೊಟ್ಟು ಹೋದವನಲ್ಲ. ಕೊರಿಯಾದ ದೊಡ್ಡ ಲೀಗಿನಲ್ಲಿ ಹೆಸರೇ ಇಲ್ಲದವನು 2015ರ ಸುಮಾರಿಗೆ ಚೀನಾಕ್ಕೆ ಹೋಗಿ ಅಲ್ಲೇ ಆಟಗಾರನಾದ, ಚೀನೀ ಭಾಷೆಯಲ್ಲಿ ಹರಟುವಷ್ಟು ಪಳಗಿದ, ಅಲ್ಲಿಯ ಯುವತಿಯನ್ನೇ ಮದುವೆಯಾದ. 2019ರ ಆ ತಂಡದಲ್ಲಿ ಯಾವಾಗ ನುಗ್ಗಬೇಕು, ಯಾವಾಗ ಹಿಂದೆ ಸರಿಯಬೇಕು ಎಂದು ಐವರಿಗೂ ಕೂಗಿ ಹೇಳುತ್ತಿದ್ದವನು ಅವನೇ, ಅದೂ ಚೀನೀ ಭಾಷೆಯಲ್ಲಿ. ಅಂದರೆ ಬಾಡಿಗೆಗೆ ಬಂದವನು ಯಜಮಾನನ ಮನೆಯ ಪಂಚಾಯಿತಿ ನಡೆಸುತ್ತಿದ್ದ. ಕೈಚಳಕದಲ್ಲಿ ಅವನಿಗಿಂತ ಮಿಗಿಲಾದ ಕೊರಿಯನ್ನರು ಆಗ ಹತ್ತಾರು ಜನರಿದ್ದರು ಎಂದರೆ ಅವನ ಅಭಿಮಾನಿಗಳು ನನ್ನ ಮೇಲೆ ಸಿಟ್ಟಾಗಬಹುದು, ಆದರೂ ನನ್ನ ಅಭಿಪ್ರಾಯ ಅದೇ. ಫನ್‌ಪ್ಲಸ್ ಫೀನಿಕ್ಸ್ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋದದ್ದು ಅದೇ ಮೊದಲು, ಮೊದಲ ಸಲವೇ ಫೈನಲ್‌ನಲ್ಲಿ ಜಿ2 ತಂಡವನ್ನು 3–0ರಿಂದ ಸೋಲಿಸಿ ಗೆದ್ದಿತು.

ಇಷ್ಟು ಹೊತ್ತಿಗೆ ನಿಯಮಗಳೂ ಬಂದಿದ್ದವು. ಐಪಿಎಲ್‌ನಲ್ಲಿ ಹನ್ನೊಂದು ಜನರಲ್ಲಿ ನಾಲ್ವರಿಗಿಂತ ಹೆಚ್ಚು ವಿದೇಶೀಯರನ್ನು ಇಳಿಸುವಂತಿಲ್ಲ ಎಂಬುದು ನಮಗೆಲ್ಲ ಬಾಯಿಪಾಠ. ಲೀಗ್ ಆಫ್ ಲೆಜೆಂಡ್ಸ್ ನಡೆಸುವ ರಯಟ್ ಸಂಸ್ಥೆಯೂ ಅಂಥದೇ ಕಟ್ಟಳೆಯನ್ನು 2014ರಲ್ಲಿ ತಂದಿತು. ಐವರಲ್ಲಿ ಹೊರ ಪ್ರದೇಶದವರು ಇಬ್ಬರಿಗಿಂತ ಹೆಚ್ಚಿರಬಾರದು, ಹಲವು ವರ್ಷ ಅಲ್ಲೇ ಆಡಿದವನನ್ನು ಮನೆಯವನೆಂದೇ ಎಣಿಸಬಹುದು. ಅದೇ ವರ್ಷ ಎಲ್‌ಎಂಕ್ಯೂ ಎಂಬ ಚೀನೀ ತಂಡವೊಂದು ಗಂಟುಮೂಟೆ ಸಮೇತ ಉತ್ತರ ಅಮೆರಿಕಕ್ಕೆ ಹೋಗಿ, ಆ ಪ್ರದೇಶದ ಹೆಸರಿನಲ್ಲೇ ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತೆ ಪಡೆದಿತ್ತು. ನಿಯಮ ಬರದಿದ್ದರೆ ಎಲ್ಲ ಲೀಗುಗಳೂ ಕೊರಿಯಾದ ಶಾಖಾ ಕಚೇರಿಗಳಾಗುತ್ತಿದ್ದವು.

ಉತ್ತರ ಅಮೆರಿಕ ಈ ಇಬ್ಬರ ಎಡೆಯನ್ನು ವರ್ಷ ವರ್ಷವೂ ತುಂಬಿಕೊಂಡಿತು, ಹಣವನ್ನೂ ಸುರಿಯಿತು. ಹಾಗಿದ್ದರೂ ಆ ಪ್ರದೇಶದ ತಂಡವೊಂದು ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ ಆಡಿದ್ದಿಲ್ಲ. ಅಲ್ಲಿಗೆ ಹೋದವರಲ್ಲಿ ಕೋರ್‌ಜೆಜೆ ಎಂಬ ಕೊರಿಯನ್ನನ ಎರಡು ಪ್ರಯಾಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನನಗೆ ಇಷ್ಟ. 2015ರಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಡಿಗ್ನಿಟಾಸ್ ತಂಡಕ್ಕೆ ಹೋದ, ಹೆಸರು ಮಾಡದೆ ವಾಪಸು ಬಂದ. ಊರಿಗೆ ಬಂದು ಆಡುವ ಜಾಗವನ್ನೇ ಬದಲಿಸಿಕೊಂಡು, ಹೊಡೆಯುವವನಾಗಿದ್ದವನು ಹೊಡೆಯುವವನನ್ನು ಕಾಯುವವನಾಗಿ, 2017ರಲ್ಲಿ ಬೀಜಿಂಗ್‌ನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಪರ ವಿಶ್ವ ಚಾಂಪಿಯನ್ ಆದ. 2019ರಲ್ಲಿ ಮತ್ತೆ ಅಮೆರಿಕಕ್ಕೆ, ಈ ಸಲ ಟೀಮ್ ಲಿಕ್ವಿಡ್‌ಗೆ. ಆ ವರ್ಷದ ಮಿಡ್ ಸೀಸನ್ ಪಂದ್ಯಾವಳಿಯಲ್ಲಿ ಲಿಕ್ವಿಡ್ ತಂಡ ಹಾಲಿ ವಿಶ್ವ ಚಾಂಪಿಯನ್ ಇನ್ವಿಕ್ಟಸ್ ಗೇಮಿಂಗನ್ನೇ 3–1ರಿಂದ ಸೋಲಿಸಿ ಫೈನಲ್ ಮುಟ್ಟಿತು. ಕೋರ್‌ಜೆಜೆ ಇಂಗ್ಲಿಷ್ ಕಲಿತ, ಅಮೆರಿಕದಲ್ಲೇ ನೆಲೆಯೂರಿದ, ಮುಂದೆ ಅವನನ್ನು ಮನೆಯವನೆಂದೇ ಎಣಿಸಿದರು. ಊರು ಅದೇ, ಲೀಗು ಅದೇ. ಮೊದಲ ಸಲ ಹೋದವನು ಮತ್ತು ಎರಡನೆಯ ಸಲ ಹೋದವನು ಬೇರೆ ಬೇರೆ.

ನನ್ನ ವಾದಕ್ಕೆ ಅಡ್ಡಬರುವ ಸಂಗತಿಯನ್ನೂ ಹೇಳದಿದ್ದರೆ ನ್ಯಾಯವಲ್ಲ. ಓವರ್‌ವಾಚ್ ಎಂಬ ಆರು ಜನರ ಆಟಕ್ಕೆ 2018ರಲ್ಲಿ ಆರಂಭವಾದ ಲೀಗಿನಲ್ಲಿ ಶಾಂಘೈ ಡ್ರ್ಯಾಗನ್ಸ್ ಎಂಬ ತಂಡ ಹೆಚ್ಚಾಗಿ ಚೀನೀ ಆಟಗಾರರೊಂದಿಗೆ ಇಳಿದು ಮೊದಲ ಋತುವಿನ ನಲವತ್ತಕ್ಕೆ ನಲವತ್ತೂ ಪಂದ್ಯಗಳನ್ನು ಸೋತಿತು. ನಡುವೆ ಕೆಲವು ಕೊರಿಯನ್ನರನ್ನು ತಂದರೂ ಸೋಲು ನಿಲ್ಲಲಿಲ್ಲ. ಅದೇ ತಂಡ 2021ರಲ್ಲಿ ಅಟ್ಲಾಂಟಾ ರೇನ್ ತಂಡವನ್ನು 4–0ರಿಂದ ಸೋಲಿಸಿ ಚಾಂಪಿಯನ್ ಆಯಿತು, ಆದರೆ ಆ ಹೊತ್ತಿಗೆ ಕಣಕ್ಕಿಳಿದವರು ಕೊರಿಯನ್ನರೇ. ಅದಕ್ಕೂ ಮೊದಲು, 2018ರ ಚೊಚ್ಚಲ ಪ್ರಶಸ್ತಿ ಗೆದ್ದ ಲಂಡನ್ ಸ್ಪಿಟ್‌ಫೈರ್ ತಂಡದಲ್ಲೂ ಎಲ್ಲರೂ ಕೊರಿಯನ್ನರು. ಅಲ್ಲಿ ಇಬ್ಬರ ಕಟ್ಟಳೆ ಇರಲಿಲ್ಲ. ಭಾಷೆ ಕಲಿಯುವ ಕಷ್ಟವನ್ನು ಅವರು ಇನ್ನೊಂದು ದಾರಿಯಿಂದ ನಿವಾರಿಸಿಕೊಂಡರು, ಆಡುವ ಆರೂ ಜಾಗಕ್ಕೆ ಒಂದೇ ತಾಯಿಮಾತಿನವರನ್ನು ತಂದುಬಿಟ್ಟರು. ಇದು ಗೆಲ್ಲುವ ದಾರಿ ಹೌದು. ಆದರೆ ಶಾಂಘೈ, ಲಂಡನ್ ಎಂಬುದು ನಾಟಕ ಕಂಪನಿಯ ಕ್ಯಾಂಪಿನ ಊರಿನ ಹೆಸರಿನಂತೆ ಬೋರ್ಡಿನ ಮೇಲಷ್ಟೇ ಉಳಿಯಿತು. ಚಿಂದೋಡಿ ಲೀಲಾ ಅವರ ಕಂಪನಿ ಯಾವ ಊರಿನಲ್ಲಿ ಕ್ಯಾಂಪ್ ಹಾಕಿದರೂ ದಾವಣಗೆರೆಯ ಕಂಪನಿಯೇ ಆಗಿ ಉಳಿಯುತ್ತಿತ್ತಲ್ಲ, ಹಾಗೆ.

ಕೌಂಟರ್-ಸ್ಟ್ರೈಕ್ ಆಡುವವರು ಮೂರನೆಯ ದಾರಿ ಹಿಡಿದರು. ಹೆಚ್ಚಿನವರಿಗೆ ತಾಯಿಮಾತಲ್ಲದ ಇಂಗ್ಲಿಷನ್ನು ಎಲ್ಲರೂ ಆಡುವುದು. 2022ರಲ್ಲಿ ಆಂಟ್‌ವರ್ಪ್‌ನಲ್ಲಿ ಮೇಜರ್ ಎಂಬ ಆ ಆಟದ ಅತಿ ದೊಡ್ಡ ಟೂರ್ನಿ ಗೆದ್ದ ಫೇಜ್ ತಂಡದಲ್ಲಿ ಡೆನ್ಮಾರ್ಕ್, ನಾರ್ವೆ, ಕೆನಡಾ, ಎಸ್ಟೋನಿಯಾ, ಲಾಟ್ವಿಯಾ ದೇಶಗಳ ಒಬ್ಬೊಬ್ಬರಿದ್ದರು. ಫ್ರಾನ್ಸಿನ ವೈಟಾಲಿಟಿ ತಂಡ ಅದೇ ವರ್ಷದ ಆರಂಭದಲ್ಲಿ ಡೆನ್ಮಾರ್ಕಿನ ಇಬ್ಬರು ಆಟಗಾರರನ್ನೂ ತರಬೇತುದಾರನನ್ನೂ ಕರೆತಂದು ಫ್ರೆಂಚ್ ಬಿಟ್ಟು ಇಂಗ್ಲಿಷ್‌ಗೆ ಹೊರಳಿತು. ಇಲ್ಲಿ ತಮಾಷೆಯೆಂದರೆ ಪರದೇಶಿಯ ಪಾಡು ಮನೆಯವನಿಗೇ ಬಂತು. ತಂಡದ ನಾಯಕ ಏಪೆಕ್ಸ್ ಜೀವಮಾನವೆಲ್ಲ ಫ್ರೆಂಚಿನಲ್ಲಿ ಕೂಗಾಡಿ ಬಂದವನು, ತನ್ನದೇ ಮನೆಯಲ್ಲಿ ಕುಳಿತು ಅನ್ಯ ಭಾಷೆಯಲ್ಲಿ ಆಜ್ಞೆ ಕೊಡಬೇಕಾಯಿತು. ಹದಿನಾರು ತಿಂಗಳ ನಂತರ, 2023ರ ಮೇ ತಿಂಗಳಲ್ಲಿ, ಪ್ಯಾರಿಸ್‌ನ ಫ್ರೆಂಚ್ ಪ್ರೇಕ್ಷಕರೆದುರು ಆ ತಂಡ ಮೇಜರ್ ಗೆದ್ದಿತು. ಹೊರಗಿನವನಷ್ಟೇ ಕಲಿಯಬೇಕೆಂಬುದು ಎಲ್ಲಿಯ ನ್ಯಾಯ, ಕರೆದವನೂ ಅರ್ಧ ದಾರಿ ನಡೆದು ಬರಬಹುದಲ್ಲ!

ಈಗೀಗ ಹಣ ಹರಿಯುವ ದಿಕ್ಕು ಸೌದಿ ಅರೇಬಿಯಾದ ಕಡೆಗೆ ತಿರುಗಿದೆ. 2024ರಲ್ಲಿ ರಿಯಾದ್‌ನಲ್ಲಿ ಇ-ಸ್ಪೋರ್ಟ್ಸ್ ವಿಶ್ವಕಪ್ ಆರಂಭವಾಗಿದ್ದು, ಮೊದಲ ವರ್ಷವೇ ಒಟ್ಟು ಬಹುಮಾನ 6 ಕೋಟಿ ಡಾಲರ್ ಮೀರಿತ್ತು. ಅಲ್ಲಿಯ ಫಾಲ್ಕನ್ಸ್ ಸಂಸ್ಥೆ 2025ರಲ್ಲಿ ಬೋಸ್ನಿಯಾದ ನಿಕೋ, ರಷ್ಯಾದ ಮೊನೆಸಿ ಇಬ್ಬರನ್ನೂ ತನ್ನ ಕೌಂಟರ್-ಸ್ಟ್ರೈಕ್ ತಂಡಕ್ಕೆ ತಂದಿತು. ಆ ಐವರಲ್ಲಿ ಸೌದಿಯವನು ಒಬ್ಬನೂ ಇರಲಿಲ್ಲ. ನಮ್ಮ ಓಣಿಯಲ್ಲೂ ಎರಡು ಮನೆಯವರು ಗಲ್ಫಿನಲ್ಲಿ ದುಡಿಯುತ್ತಿದ್ದಾರೆ. ಅವರು ಅಲ್ಲಿಯ ಕಟ್ಟಡ ಕಟ್ಟುತ್ತಾರೆ, ಅಲ್ಲಿಯವರಾಗುವುದಿಲ್ಲ, ಆಗಬೇಕೆಂದು ಯಾರೂ ಅವರನ್ನು ಕೇಳುವುದೂ ಇಲ್ಲ. ಫಾಲ್ಕನ್ಸ್ ಆಟಗಾರರನ್ನು ನೋಡಿದಾಗ ನನಗೆ ಅವರ ನೆನಪಾಗುತ್ತದೆ, ಸಂಬಳದ ಅಂತರ ಬೇರೆ ಮಾತು.

ವೀಸಾ, ಒಪ್ಪಂದಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕ ಸರ್ಕಾರ 2013ರಲ್ಲಿ ಶಿಫ್ಟರ್ ಎಂಬ ಕೆನಡಾದ ಆಟಗಾರನಿಗೆ ಕ್ರೀಡಾಪಟುಗಳ ವೀಸಾ ಕೊಟ್ಟಾಗಿನಿಂದ ಆ ಬಾಗಿಲು ತೆರೆದಿದೆ. ಆದರೆ ಕೊರಿಯಾದ ಹುಡುಗರಿಗೆ ಸೇನಾಸೇವೆಯ ಕಡ್ಡಾಯವೆಂಬ ಇನ್ನೊಂದು ಗೂಟವಿದೆ, ಎಲ್ಲಿಗೇ ಹೋದರೂ ಹಗ್ಗ ಅಲ್ಲಿಗೇ ಎಳೆಯುತ್ತದೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಲೀಗ್ ಆಫ್ ಲೆಜೆಂಡ್ಸ್ ಪದಕದ ಸ್ಪರ್ಧೆಯಾದಾಗ ಚೀನಾದ ಜೆಡಿಜಿ ತಂಡಕ್ಕೆ ಆಡುತ್ತಿದ್ದ ಕನಾವಿ, ರೂಲರ್ ಇಬ್ಬರೂ ಕೊರಿಯಾದ ಅಂಗಿ ತೊಟ್ಟು ಬಂದರು. ಸೆಮಿಫೈನಲ್‌ನಲ್ಲಿ ಎದುರಾದದ್ದು ಚೀನಾ, ಆ ತಂಡದಲ್ಲಿ ಇದ್ದವನು ಜೆಡಿಜಿಯಲ್ಲಿ ಅವರ ಪಕ್ಕದಲ್ಲೇ ಕುಳಿತು ಆಡುವ ನೈಟ್. ಕೊರಿಯಾ ಗೆದ್ದು ಮುಂದೆ ಚಿನ್ನವನ್ನೂ ಪಡೆಯಿತು, ಚಿನ್ನ ಗೆದ್ದವರಿಗೆ ಸೇನಾಸೇವೆಯ ವಿನಾಯಿತಿಯೂ ಸಿಕ್ಕಿತು. ಆಮೇಲೆ ಆ ಇಬ್ಬರೂ ಜೆಡಿಜಿಗೆ ಮರಳಿ ಅದೇ ಗೆಳೆಯನ ಪಕ್ಕ ಕುಳಿತರು. ಆ ಮೊದಲ ದಿನದ ಅಭ್ಯಾಸದ ಕೋಣೆಯಲ್ಲಿ ಏನು ಮಾತಾಡಿಕೊಂಡರೋ ಎಂಬ ಕುತೂಹಲ ನನಗೆ ಇವತ್ತಿಗೂ ಇದೆ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಈ ಲೋಕದಲ್ಲಿ ನಡೆಯುವುದಿಲ್ಲ. ಹೋದವರು ಬರುತ್ತಾರೆ, ಬಂದು ಗೆಲ್ಲುತ್ತಾರೆ. ಎಡ್ವರ್ಡ್ ಗೇಮಿಂಗ್‌ನಲ್ಲಿ ಎರಡು ವರ್ಷ ಕಳೆದು ಕೊರಿಯಾಕ್ಕೆ ಮರಳಿದ ಡೆಫ್ಟ್ ಅಲ್ಲಿಂದಾಚೆಗೆ ಆರು ವರ್ಷ ಕಾದು, 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಿಆರ್‌ಎಕ್ಸ್ ತಂಡದೊಂದಿಗೆ ವಿಶ್ವ ಚಾಂಪಿಯನ್ ಆದ. ಅವನು ಸೋಲಿಸಿದ್ದು ಹಿಂದೆ ಎಸ್‌ಕೆಟಿ ಎನ್ನಿಸಿಕೊಂಡಿದ್ದ ಟಿ1 ತಂಡವನ್ನು, ಅಂದರೆ 2013ರಿಂದ ಒಂದೇ ಸಂಸ್ಥೆಯನ್ನು ಬಿಟ್ಟು ಕದಲದ ಫೇಕರ್‌ನನ್ನು. ಫೇಕರ್ ಹೋಗಲಿಲ್ಲವೆಂದು ಅವನನ್ನು ಹೊಗಳುವವರಿದ್ದಾರೆ, 2024ರ ಹೊತ್ತಿಗೆ ಐದು ವಿಶ್ವ ಪ್ರಶಸ್ತಿ ಗೆದ್ದವನನ್ನು ಹೊಗಳದೆ ಇರಲಾಗದು ಕೂಡ. ಆದರೆ ಹೋದವರನ್ನು ಹಣದಾಸೆಯವರೆಂದು ಬೈಯುವುದು ನನಗೆ ಹಿಡಿಸುವುದಿಲ್ಲ. ನಮ್ಮ ದಾವಣಗೆರೆ ಎಕ್ಸ್‌ಪ್ರೆಸ್ ವಿನಯ್ ಕುಮಾರ್ ಕರ್ನಾಟಕಕ್ಕೆ ಎರಡು ಸಲ ಸತತವಾಗಿ ರಣಜಿ ಗೆಲ್ಲಿಸಿಕೊಟ್ಟ ನಾಯಕ. 2019ರಲ್ಲಿ ಅವರು ಪುದುಚೇರಿಗೆ ಹೋದಾಗ ನಮ್ಮೂರಿನಲ್ಲಿ ಬೇಸರಪಟ್ಟವರಿದ್ದರು, ಬೈದವರನ್ನು ನಾನು ಕಾಣಲಿಲ್ಲ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಗ್ಲೋಬಲ್ ಇ-ಸ್ಪೋರ್ಟ್ಸ್ ಭಾರತದ ತಂಡವಾದರೂ ಅದು ಆಡುವ ಪೆಸಿಫಿಕ್ ಲೀಗು ನಡೆಯುವುದು ಸೋಲ್ ನಗರದಲ್ಲಿ. 2023ರಲ್ಲಿ ಸ್ಕ್ರಾಸಿಯಂಥ ಭಾರತೀಯ ಆಟಗಾರರು ತವರು ಬಿಟ್ಟು ಅಲ್ಲಿಗೆ ಹೋದರು. ಅವರ ಜೊತೆಗೆ ಕೊರಿಯಾದವರೂ ಆಗ್ನೇಯ ಏಷ್ಯಾದವರೂ ಇದ್ದರು. ಟೆಕ್ಸ್ಚರ್ ತನ್ನ ದೇಶದಲ್ಲೇ ಇದ್ದ, ಆದರೂ ತಂಡದ ಒಳಗೆ ಪರದೇಶಿ. ಸ್ಕ್ರಾಸಿ ತನ್ನ ತಂಡದಲ್ಲೇ ಇದ್ದ, ಆದರೂ ಊರಿನಲ್ಲಿ ಪರದೇಶಿ. ಒಂದೇ ಕೋಣೆಯಲ್ಲಿ ಎಲ್ಲರೂ ತವರಿನಿಂದ ಹೊರಗಿದ್ದಂತಾಯಿತು. ಫೇಜ್ ತಂಡಕ್ಕೂ ಅದೇ ಸ್ಥಿತಿಯಿತ್ತು, ಆದರೆ ಅವರಿಗೆ ಇಂಗ್ಲಿಷಿನಲ್ಲಿ ವರ್ಷಗಟ್ಟಲೆ ಕೂಗಾಡಿದ ಅನುಭವವಿತ್ತು. ಇವರಿಗೆ ಸಿಕ್ಕದ್ದು ಕೆಲವು ತಿಂಗಳು. ಜೆನ್.ಜಿ ತಂಡಕ್ಕೆ ಹೋದಾಗ ಟೆಕ್ಸ್ಚರ್‌ನ ಗುರಿಯೇನೂ ಹೊಸದಾಗಿರಲಿಲ್ಲ. ಅವನು ಕಿರುಚಿದ್ದನ್ನು ಪಕ್ಕದವನು ಅರ್ಧ ಸೆಕೆಂಡಿನ ಒಳಗೆ ಕೇಳಿಸಿಕೊಂಡ.

ಇದನ್ನೆಲ್ಲ ಬಿಡಿಸಿ ಹೇಳಿದಾಗ ಹುಡುಗ "ಹ್ಞೂಂ" ಎಂದನೇ ಹೊರತು ಒಪ್ಪಿದಂತೆ ಕಾಣಲಿಲ್ಲ. ಕೆಲವು ದಿನಗಳ ಮೇಲೆ ಅವನ ಮೇಜಿನಲ್ಲಿ ಭೌತಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದಿತ್ತು. ಮುಂಬೈ ಸರ್ವರಿನಲ್ಲಿ ಅವನ ಜೊತೆಗೆ ಯಾವ ಊರಿನವರು ಸೇರಿಕೊಳ್ಳುತ್ತಾರೆಂದು ಹೇಳಲಾಗುವುದಿಲ್ಲವಂತೆ. ಆ ಹಾಳೆಯಲ್ಲಿ ಸ್ಕೇಲಿನಿಂದ ಗೆರೆ ಎಳೆದು ಮನೆಗಳನ್ನು ಮಾಡಿದ್ದ. ಹಿಂದೆ ಎಂಬುದರ ಎದುರು ಹಿಂದಿಯ ಮನೆಯಲ್ಲಿ "ಪೀಛೆ", ತಮಿಳಿನ ಮನೆಯಲ್ಲಿ "ಪಿನ್ನಾಡಿ", ತೆಲುಗಿನ ಮನೆಯಲ್ಲಿ "ವೆನಕ". ಎಡ ಎಂಬುದರ ಸಾಲೂ ತುಂಬಿತ್ತು. ಬಲ ಎಂಬುದರ ಸಾಲಿನಲ್ಲಿ ತೆಲುಗಿನ ಮನೆ ಮಾತ್ರ ಖಾಲಿಯಿತ್ತು.

"ಮಾಮ, ಬಲಗಡೆಗೆ ತೆಲುಗಲ್ಲಿ ಏನಂತಾರೆ?" ಎಂದು ಕೇಳಿದ.

ಹೇಳಿದೆ. ಅವನಿಗೂ ನಗು ಬಂತು, ಆದರೆ ಪೆನ್ನು ತೆಗೆದು ಬರೆದುಕೊಂಡ.